ಕಾರ್ಮೋಡಕ್ಕೆ ಕೇಡಿನ ಹೆಸರು ಬೇಡ

ಮಾನ್ಯ ಸಂಪಾದಕರೇ,

ಯುದ್ಧದ ಕಾರ್ಮೋಡ, ಉದ್ಯೋಗ ಕಡಿತದ ಕಾರ್ಮೋಡ, ಅನರ್ಹತೆಯ ಕಾರ್ಮೋಡ... ಕನ್ನಡ ಪತ್ರಿಕೆಗಳ ತಲೆಬರಹಗಳಲ್ಲಿ ಈ ಮಾತು ಸವೆದುಹೋಗುವಷ್ಟು ಬಳಕೆಯಲ್ಲಿದೆ. ದಟ್ಟ ಬೂದು ಮುಗಿಲೆಂದರೆ ಕೇಡು ಎಂಬ ಭಾವ ಬಿಸಿಲಿಗೆ ಹಂಬಲಿಸುವ ನಾಡುಗಳದ್ದು. ಮೇ ತಿಂಗಳಿಡೀ ಆಕಾಶ ನೋಡುತ್ತ ಕೂರುವ ನಮಗೆ ಅದು ಹೊಂದುವುದಿಲ್ಲ.

'ಕಾರ್' ಎಂದರೆ ಹಳಗನ್ನಡದಲ್ಲಿ ಕಪ್ಪೂ ಹೌದು, ಮಳೆಗಾಲವೂ ಹೌದು. 'ಕಾರ್ಗಾಲ' ಎಂಬ ಮಾತು ಹುಟ್ಟಿದ್ದೇ ಹಾಗೆ. ಮೋಡದ ಹನಿಗಳಿಗೆ ಸ್ವಂತ ಬಣ್ಣವಿಲ್ಲ. ಮೋಡ ದಪ್ಪವಾದಷ್ಟೂ ಬಿಸಿಲು ಒಳಗೇ ಚದುರಿ, ತಳಕ್ಕೆ ಇಳಿಯುವ ಬೆಳಕು ಕಡಿಮೆಯಾಗುತ್ತದೆ. ಅದಕ್ಕೇ ವಿಮಾನದಿಂದ ಬೆಳ್ಳಗೆ ಹೊಳೆಯುವ ಮೋಡ ಕೆಳಗೆ ನಿಂತವರಿಗೆ ಕಪ್ಪಗೆ ಕಾಣುತ್ತದೆ. ಅಂದರೆ ರೈತ ಆ ಬಣ್ಣದಲ್ಲಿ ಓದುವುದು ನೀರಿನ ಲೆಕ್ಕವನ್ನು. ಅಡಿಕೆ ಒಣಗಲು ಹರವಿದಾಗ, ದ್ರಾಕ್ಷಿ ಹೂವಿನಲ್ಲಿದ್ದಾಗ ಮೋಡ ಕವಿದರೆ ಎದೆ ಹಾರುತ್ತದೆ, ನಿಜ. ಆದರೆ ಅದಕ್ಕೆ 'ಅಕಾಲದ ಮೋಡ' ಎಂಬ ಬೇರೆಯೇ ಹೆಸರಿದೆ.

ಕಾವ್ಯ ಪರಂಪರೆ ಈ ವಿಷಯದಲ್ಲಿ ಇನ್ನೂ ಖಚಿತ. ನಾಟ್ಯಶಾಸ್ತ್ರದ 6ನೇ ಅಧ್ಯಾಯ ಒಂದೊಂದು ರಸಕ್ಕೆ ಒಂದೊಂದು ಬಣ್ಣ ಹೇಳುತ್ತದೆ. ಭಯಾನಕಕ್ಕೆ ಕಪ್ಪು. ಮುಗಿಲಿನ ಬಣ್ಣವಾದ ಶ್ಯಾಮ ಶೃಂಗಾರಕ್ಕೆ, ಅದರ ಅಧಿದೇವತೆ ವಿಷ್ಣು. ಹಾಗಾದರೆ ದುಃಖದ ಬೂದು ಯಾವುದು? ಕರುಣರಸಕ್ಕೆ ಅಲ್ಲಿ ಹೇಳಿದ್ದು ಕಪೋತವರ್ಣ, ಪಾರಿವಾಳದ ಮೈಬಣ್ಣ, ಅಧಿದೇವತೆ ಯಮ. ಬೂದು ಮೋಡ ಪ್ರೇಮಕ್ಕೆ, ಬೂದು ಹಕ್ಕಿ ಶೋಕಕ್ಕೆ! ಮೇಘದೂತದ ಯಕ್ಷ ಆಷಾಢದ ಮೊದಲ ದಿನ ಕಂಡದ್ದು ಬೆಟ್ಟವನ್ನು ತಬ್ಬಿ, ದಿಬ್ಬಕ್ಕೆ ತಿವಿದು ಆಡುವ ಆನೆಯಂತಿದ್ದ ಮೋಡವನ್ನು. ಆನೆಯದೂ ಅದೇ ಬಣ್ಣ. ಅಗಲಿಕೆಯ ನೋವು ಯಕ್ಷನದು, ಮೋಡ ಅವನ ದೂತ.

ಕರುಣರಸದ ಈ ಬಣ್ಣ ಬೆರೆಸುವ ರಂಗಭೂಮಿಯವರಿಗೊಂದು ಮಾತು. ಬಿಳಿಗೆ ಕಪ್ಪು ಬೆರೆಸಿದರೆ ಕಪೋತ ಬರುವುದಿಲ್ಲ, ಸಿಮೆಂಟಿನ ಬಣ್ಣ ಬರುತ್ತದೆ. ಚೂರು ನೀಲಿ ಸೇರಬೇಕು. ಬಿಳಿಯನ್ನು ಮೊದಲು ತೆಗೆದುಕೊಂಡು ಕಪ್ಪನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ. ಕಪ್ಪಿಗೆ ಬಿಳಿ ಸುರಿಯುತ್ತ ಹೋದರೆ ಡಬ್ಬಿ ಖಾಲಿಯಾದರೂ ಬಣ್ಣ ತಿಳಿಯಾಗದು. ಹಳದಿ ದೀಪದಡಿ ಆ ನೀಲಿ ಸತ್ತು ಬಣ್ಣ ಮಂಕಾಗುತ್ತದೆ. ಆದ್ದರಿಂದ ಪ್ರದರ್ಶನದ ದೀಪದಲ್ಲೇ ನೋಡಿ ಬೆರೆಸಿ.

ಅನುವಾದಗಳಲ್ಲಿ ಎಲ್ಲದಕ್ಕೂ 'ಕಡುಬೂದು' ಎಂದು ಬರೆಯುವುದೂ ಅಷ್ಟೇ ತೊಂದರೆಯದು. ಬೂದು ಬಂದದ್ದು ಬೂದಿಯಿಂದ, ಚೆನ್ನಾಗಿ ಸುಟ್ಟ ಬೂದಿ ತಿಳಿ ಬಣ್ಣದ್ದು. ಬೂದಿ ಕಪ್ಪಗಿದ್ದರೆ ಇಂಗಾಲ ಪೂರ್ತಿ ಉರಿದಿಲ್ಲವೆಂದೇ ಅರ್ಥ. ವಿಭೂತಿ ಮಾಡುವವರು ಕುಳ್ಳನ್ನು ಬೆಳ್ಳಗಾಗುವ ತನಕ ಸುಡುವುದು ಅದಕ್ಕೇ. ವೈರಾಗ್ಯದ ಬಣ್ಣ ಆ ಬಿಳಿಬೂದಿಯದು. ಇದ್ದಿಲಿನದು ಬೇರೆ: ಆರಿದೆ, ಆದರೆ ಮತ್ತೆ ಹೊತ್ತೀತು. 'ಬೂದಿ ಮುಚ್ಚಿದ ಕೆಂಡ'ದಲ್ಲಿ ಬೂದು ಸಿಟ್ಟನ್ನು ಅಡಗಿಸುತ್ತದೆ, 'ಹೊಗೆಯಾಡುವ' ಅಸಮಾಧಾನದಲ್ಲಿ ಅದನ್ನು ಹೊರಗೆಡಹುತ್ತದೆ. ಇಂಗ್ಲಿಷ್ ಕವಿ ಆಕಾಶವನ್ನು ಸೀಸಕ್ಕೆ ಹೋಲಿಸಿದರೆ ಅವನಿಗೆ ಬೇಕಿರುವುದು ಸೀಸದ ಭಾರ. ಅಲ್ಲಿ 'ಕಡುಬೂದು ಆಕಾಶ' ಎಂದರೆ ಬಣ್ಣ ಉಳಿದು ಭಾರ ಹೋಗುತ್ತದೆ. ಬಣ್ಣದ ಹೆಸರಿನ ಹಿಂದೆ ಯಾವ ವಸ್ತುವಿದೆ ಎಂದು ಮೊದಲು ಹುಡುಕಬೇಕು. ಕಂಪ್ಯೂಟರಿನ ಬಣ್ಣದ ಹೆಸರುಗಳನ್ನಂತೂ ನೆಚ್ಚಲಾಗದು: ಕಪ್ಪಿಗೆ 0, ಬಿಳಿಗೆ 255 ಎಂಬ ಅಳತೆಯಲ್ಲಿ ಜಾಲತಾಣಗಳ 'ಗ್ರೇ' 128, 'ಡಾರ್ಕ್ ಗ್ರೇ' 169. ಹೆಸರಿಗೆ ಗಾಢ, ನೋಡಲು ತಿಳಿ.

ತಲೆಬರಹಕ್ಕೆ 'ಯುದ್ಧಭೀತಿ' ಸಾಕು, ಅಕ್ಷರವೂ ಉಳಿಯುತ್ತದೆ. ಕಾರ್ಮೋಡವನ್ನು ದಯವಿಟ್ಟು ಮಳೆಯ ಸುದ್ದಿಗೇ ಬಿಟ್ಟುಕೊಡಿ.

– ಓರ್ವ ಅನುವಾದಕಿ, ಧಾರವಾಡ