ಅನುಮಾನ ಇಟ್ಟುಕೊಂಡೇ ಮತಗಟ್ಟೆಗೆ ಹೋಗು

ಪ್ರೀತಿಯ ಮಗಳೇ,

ಮೆಷಿನ್ನಿನೊಳಗೆ ಏನು ನಡೆಯುತ್ತೋ ಯಾರಿಗೆ ಗೊತ್ತು, ವೋಟು ಯಾಕೆ ಹಾಕಬೇಕು ಅಂತ ಕೇಳಿದ್ದೆಯಲ್ಲ. ನಿನ್ನ ಅನುಮಾನ ತಪ್ಪೇನಲ್ಲ. ನಮ್ಮ ಚುನಾವಣಾ ನಿಯಮಗಳನ್ನು ಬರೆದವರೂ ಯಾರನ್ನೂ ಸುಮ್ಮನೆ ನಂಬಿಲ್ಲ. ಅದಕ್ಕೇ ಹೆಜ್ಜೆ ಹೆಜ್ಜೆಗೂ ತಾಳೆ ನೋಡಲು ಅವಕಾಶ ಇಟ್ಟಿದ್ದಾರೆ.

ಮತದಾನಕ್ಕೆ ಒಂದೂವರೆ ಗಂಟೆ ಮುಂಚೆ ಪಕ್ಷಗಳ ಏಜೆಂಟರ ಎದುರು ಅಣಕು ಮತದಾನ ನಡೆಯುತ್ತೆ. ಕನಿಷ್ಠ 50 ವೋಟು ಒತ್ತಿ, ಮೆಷಿನ್ನಿನ ಲೆಕ್ಕಕ್ಕೂ ವಿವಿಪ್ಯಾಟ್ (ಒತ್ತಿದ ವೋಟನ್ನು ಚೀಟಿಯಲ್ಲಿ ಅಚ್ಚು ಮಾಡಿ ತೋರಿಸುವ ಪೆಟ್ಟಿಗೆ) ಚೀಟಿಗಳಿಗೂ ತಾಳೆ ನೋಡಿ, ಎಲ್ಲ ಅಳಿಸಿ, ಚೀಟಿ ಹೊರತೆಗೆದು ಸೀಲ್ ಮಾಡುತ್ತಾರೆ. ಗಡಿಬಿಡಿಯಲ್ಲಿ 'ಕ್ಲಿಯರ್' ಒತ್ತಲು ಮರೆತರೆ ಅಣಕು ವೋಟುಗಳೂ ಒಳಗೇ ಉಳಿದು ಸಂಜೆಯ ಲೆಕ್ಕ ವೋಟು ಹಾಕಿದವರ ರಿಜಿಸ್ಟರಿಗೆ ಹೊಂದುವುದಿಲ್ಲ. ಸಂಜೆ ಬೂತಿನಲ್ಲಿ ಬಿದ್ದ ಒಟ್ಟು ವೋಟನ್ನು ನಮೂನೆ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಎಣಿಕೆಯ ದಿನ ಮೆಷಿನ್ನಿನಲ್ಲೂ ಅದೇ ಸಂಖ್ಯೆ ಬರಬೇಕು. ಏಜೆಂಟೇ ಇಲ್ಲದ ಬೂತಿನಲ್ಲಿ ಆ ಕಾಗದ ಕೇಳುವವರೇ ಇರುವುದಿಲ್ಲ. ನನ್ನ ಮಟ್ಟಿಗೆ ಚಿಂತೆಯ ಜಾಗ ಅದು. ನಿನ್ನಂಥವರು ಅಲ್ಲಿ ಕೂರಬೇಕು. ಮತದಾರಳಾದ ಮೇಲೆ ಅಭ್ಯರ್ಥಿ ನೇಮಿಸಿದರೆ ನೀನೂ ಕೂರಬಹುದು.

ಗುಂಡಿ ಒತ್ತಿದ ತಕ್ಷಣ ಹೊರಟುಬಿಡಬೇಡ. ವಿವಿಪ್ಯಾಟಿನ ಗಾಜಿನ ಹಿಂದೆ ಚೀಟಿಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ 7 ಸೆಕೆಂಡು ಕಾಣುತ್ತೆ, ಓದು. ನಿನ್ನ ಹೆಸರಲ್ಲಿ ಬೇರೆ ಯಾರೋ ವೋಟು ಹಾಕಿ ಹೋಗಿದ್ದರೆ ಜಗಳವಾಡಿ ವಾಪಸ್ ಬರಬೇಡ, ಟೆಂಡರ್ ವೋಟು ಕೇಳು. ಕಾಗದದ ಮತಪತ್ರ ಕೊಟ್ಟು, ಅದನ್ನು ಲಕೋಟೆಯಲ್ಲಿ ಬೇರೆ ಇಡುತ್ತಾರೆ. ಅವತ್ತಿನ ಎಣಿಕೆಗೆ ಅದು ಸೇರುವುದಿಲ್ಲ, ಫಲಿತಾಂಶದ ತಕರಾರು ಹೈಕೋರ್ಟಿಗೆ ಹೋದರೆ ದಾಖಲೆಯಾಗುತ್ತೆ.

ಇದೆಲ್ಲಕ್ಕೂ ಮೊದಲು ಪಟ್ಟಿಯಲ್ಲಿ ಹೆಸರು ಇರಬೇಕಲ್ಲ. ನಿನಗೆ 17 ತುಂಬಿದೆ, ಚುನಾವಣಾ ಆಯೋಗದ ವೋಟರ್ ಪೋರ್ಟಲ್‌ನಲ್ಲಿ ಹೆಸರು ಸೇರಿಸುವ ಅರ್ಜಿ, ಅಂದರೆ ನಮೂನೆ 6, ಈಗಲೇ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕುಗಳಲ್ಲಿ ಯಾವತ್ತಿಗೆ 18 ಆಗಿರುತ್ತೋ ಆ ಸರದಿಗೆ ಸೇರಿಸುತ್ತಾರೆ. ಊರಿನ ಮನೆಯೋ ಹಾಸ್ಟೆಲ್ಲೋ, ಒಂದೇ ಕಡೆ ಹಾಕು. ಎರಡೂ ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಹಾಸ್ಟೆಲ್ ವಿಳಾಸವಾದರೆ ನೀನು ಅಲ್ಲಿ ಓದುತ್ತಿದ್ದೀಯ ಅನ್ನುವ ಬೋನಫೈಡ್ ಪತ್ರ ಕಾಲೇಜಿನಿಂದ ತಗೋ. ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಪರಿಶೀಲನೆಗೆ ಬಂದಾಗ ನೀನು ಕ್ಲಾಸಿನಲ್ಲಿದ್ದರೆ 'ವಿಳಾಸದಲ್ಲಿಲ್ಲ' ಅಂತ ಬರೆದು ಹೋದಾರು, ಅರ್ಜಿ ಬಿದ್ದುಹೋದೀತು. ಮೊದಲೇ ಫೋನ್ ಮಾಡಿ ಹೊತ್ತು ಕೇಳಿಕೊ.

ಗುರುತಿನ ಚೀಟಿ ಕೈಗೆ ಬಂದ ಮೇಲೂ ಪ್ರತಿ ಚುನಾವಣೆಗೆ ಮುಂಚೆ ಪಟ್ಟಿ ನೋಡು. ಚೀಟಿ ಇದ್ದು ಹೆಸರಿಲ್ಲದಿದ್ದರೆ ವೋಟು ಹಾಕಲು ಬಿಡುವುದಿಲ್ಲ, ನಾಮಪತ್ರದ ಕೊನೆಯ ದಿನ ಕಳೆದರೆ ಹೆಸರು ಸೇರಿಸುವುದೂ ಇಲ್ಲ.

ಅರ್ಜಿ ಹಾಕಿದ ಕೂಡಲೇ ರೆಫರೆನ್ಸ್ ನಂಬರ್ ನನಗೂ ಕಳಿಸು.

ನಿನ್ನ ಅಮ್ಮ