ಹಲೋಗಿಂತ ಮೊದಲು ‘ಎಲ್ಲಿದ್ದೀರಿ?’

ಪ್ರೀತಿಯ ಮಂಜು,

ಮೊನ್ನೆ ನೀನು ಫೋನ್ ಮಾಡಿದಾಗ ಹಲೋ ಕೂಡ ಅನ್ನದೆ ‘ಎಲ್ಲಿದ್ದೀರಿ? ಹತ್ತಿರ ಏನು ಕಾಣ್ತಿದೆ?’ ಅಂದೆನಲ್ಲ, ನೀನು ಬಿದ್ದೂ ಬಿದ್ದೂ ನಕ್ಕೆ. ನೈಟ್ ಶಿಫ್ಟ್ ಮುಗಿಸಿ ಆಗಷ್ಟೇ ಮಲಗಿದ್ದೆ ಮಾರಾಯ. ನಿದ್ದೆಗಣ್ಣಲ್ಲೂ ಬಾಯಿಗೆ ಬರುವುದು ಅದೇ.

ಸುಮ್ನೆ ಕೂತು ಫೋನ್ ಎತ್ತೋ ಕೆಲಸ ಅಲ್ವಾ ಅಂದೆ ನೀನು. ಕೂತೇ ಮಾಡುವ ಕೆಲಸ, ಒಪ್ಪಿದೆ. ತುರ್ತು ಸಹಾಯದ ನಂಬರ್ 112ಕ್ಕೆ ಕಾಲ್ ಬಂದರೆ ಮಾತಾಡುವವರು ನಾವು, ಗಾಡಿ ಕಳಿಸುವವರು ಬೇರೆ. ನಾವು ಮಾತಾಡುತ್ತಲೇ ಟೈಪ್ ಮಾಡಿದ್ದು ಅವರ ಸ್ಕ್ರೀನಿಗೆ ಹೋಗುತ್ತದೆ. ಜಗಳ, ಕಳ್ಳತನ ಆದರೆ ಹತ್ತಿರದ ಹೊಯ್ಸಳ ಪೊಲೀಸ್ ಗಾಡಿ ಹೊರಡುತ್ತದೆ. ಬೆಂಕಿಗೆ, ಆಂಬ್ಯುಲೆನ್ಸಿಗೆ ಅವರವರಿಗೆ ಸುದ್ದಿ. ಊರಲ್ಲಿ 2008ರಿಂದ ಕೇಳಿ ಕೇಳಿ ಆಂಬ್ಯುಲೆನ್ಸಿನ 108 ಎಲ್ಲರ ಬಾಯಲ್ಲಿದೆ, 112 ಇನ್ನೂ ಅಷ್ಟು ಹತ್ತಿಲ್ಲ.

ಎಷ್ಟೋ ಮೊಬೈಲುಗಳಲ್ಲಿ ಪವರ್ ಬಟನ್ ಬೇಗಬೇಗ ಮೂರು ಸಲ ಒತ್ತಿದರೂ ನಮಗೇ ಕಾಲ್ ಬರುತ್ತದೆ. ಹಾಗಾಗಿ ಜೇಬಿನೊಳಗಿಂದಲೂ ಕಾಲ್ ಬರುತ್ತಿರುತ್ತದೆ. ಕಂಡಕ್ಟರ್ ‘ಒಳಗೆ ಹೋಗಿ, ಒಳಗೆ ಹೋಗಿ’ ಅನ್ನೋದು ಕೇಳಿಸುತ್ತದೆ. ತಕ್ಷಣ ಕಟ್ ಮಾಡಲ್ಲ ನಾನು. ಬಾಯಿ ಬಿಡಲಾಗದೆ ಕಾಲ್ ಮಾಡಿದವರೂ ಹಾಗೇ ಸುಮ್ಮನಿರುತ್ತಾರಲ್ಲ.

ಕಷ್ಟ ಇರುವುದು ಜಾಗ ಹಿಡಿಯುವುದರಲ್ಲಿ. ಈ ಬೆಂಗಳೂರಲ್ಲಿ ಒಂದನೇ ಮೇನ್, ಎರಡನೇ ಕ್ರಾಸ್ ಇಲ್ಲದ ಬಡಾವಣೆಯೇ ಇಲ್ಲ. ಜೆ.ಪಿ. ನಗರ ಅಂದರೆ ಎಷ್ಟನೇ ಫೇಸ್, ಬನಶಂಕರಿ ಅಂದರೆ ಎಷ್ಟನೇ ಸ್ಟೇಜ್? ನಕ್ಷೆಯಲ್ಲಿ ಚುಕ್ಕೆ ಬರುತ್ತದೆ, ನಿಜ. ಒತ್ತೊತ್ತಾಗಿ ಮನೆ ಕಟ್ಟಿದ ಕಡೆ ಅದು ಪಕ್ಕದ ಬೀದಿಯಲ್ಲಿ ಕೂತಿರುತ್ತದೆ. ಯಾರಾದರೂ ಮೆಟ್ರೋ ಪಿಲ್ಲರ್ ನಂಬರ್ ಹೇಳಿದರೆ ಕೈ ಮುಗಿಯೋಣ ಅನಿಸುತ್ತದೆ.

ಹೋದ ವಾರ ರಾತ್ರಿ ಎರಡೂವರೆಗೆ ಒಬ್ಬರು ಅಜ್ಜಿ. ‘ನಮ್ಮನೆಯವರು ಬಚ್ಚಲಲ್ಲಿ ಬಿದ್ದವ್ರೆ.’ ಮಗನ ಮನೆಯಂತೆ, ಲಗ್ಗೆರೆ, ಮೂರನೇ ಮಹಡಿ. ಮಗ, ಸೊಸೆ ಊರಲ್ಲಿಲ್ಲ. ಹತ್ತಿರ ಏನಿದೆ ಅಂದರೆ ‘ಗಣಪತಿ ಗುಡಿ’. ಗಣಪತಿ ಇಲ್ಲದ ಬೀದಿ ಎಲ್ಲಿದೆ ಹೇಳು! ಕರೆಂಟ್ ಬಿಲ್ ತನ್ನಿ ಅಜ್ಜಿ, ಅದರಲ್ಲಿ ವಿಳಾಸ ಇರುತ್ತೆ ಅಂದೆ. ಹುಡುಕಿ ತಂದರು. ‘ಓದಕ್ಕೆ ಬರಲ್ಲ ಮಗಾ’ ಅಂದರು. ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ.

‘ಫೋನ್ ಕೈಯಲ್ಲೇ ಇರಲಿ, ಪಕ್ಕದ ಮನೆ ಬಾಗಿಲು ಬಡೀರಿ.’ ಬಳೆ ಸದ್ದು, ಬಾಗಿಲು ಬಡಿಯೋ ಸದ್ದು. ಮತ್ತೆ ಬಳೆ. ಕೊನೆಗೆ ಚಿಲಕ ತೆಗೆದದ್ದು ಕೇಳಿಸಿತು. ಒಬ್ಬ ಹುಡುಗ ಆಕಳಿಸುತ್ತಲೇ ಬಿಲ್ ಓದಿದ. ಅಜ್ಜ ಉಸಿರಾಡುತ್ತಿದ್ದಾರಾ ಅಂತ ನಾನು ಕೇಳಿದ್ದು ಅದಾದ ಮೇಲೆ. ಕಲ್ಲು ಮನಸ್ಸು ಅಂದುಕೊಳ್ಳಬೇಡ. ಲೈನ್ ಕಟ್ಟಾದರೂ ಜಾಗ ಗೊತ್ತಿದ್ದರೆ ಗಾಡಿ ಹೋಗುತ್ತದೆ. ಉಸಿರಾಡುತ್ತಿದ್ದರು. ಕ್ರಾಸಿನಲ್ಲಿ ಮೊಬೈಲ್ ಟಾರ್ಚ್ ಹಾಕಿಕೊಂಡು ನಿಲ್ಲಪ್ಪ ಅಂತ ಆ ಹುಡುಗನನ್ನು ಕೆಳಗೆ ಕಳಿಸಿದೆ.

ನಿನ್ನ ತಂಗಿ ಪೀಣ್ಯದಲ್ಲಿ ರೂಮ್ ಮಾಡಿದ್ದಾಳೆ ಅಂದೆಯಲ್ಲ. ಮನೆ ನಂಬರ್, ಕ್ರಾಸ್, ಮೇನ್, ಎಷ್ಟನೇ ಮಹಡಿ, ಎಲ್ಲ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಲು ಹೇಳು. ಹತ್ತಿರದ ಗುರುತೂ ಒಂದಿರಲಿ. ಗಣಪತಿ ಗುಡಿ ಮಾತ್ರ ಬೇಡ.

ನಿನ್ನ,
ಶಿವು