ಕೊಕ್ಕಿನ ಮೇಲೆ ಕಣ್ಣಿಡು, ತಾಯಿ

ಸಂಡೂರು
ಫೆಬ್ರವರಿ

ತಾಯಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಹಕ್ಕಿಯ ಕೂಗನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಹೊರಗೆ ಅದಿರಿನ ಲಾರಿಗಳ ಸದ್ದು, ಕಿವಿಯಲ್ಲಿ ನಿನ್ನ ದಾಂಡೇಲಿ ಕಾಡು! ಯಾರೋ ಗಹಗಹಿಸಿ ನಕ್ಕ ಹಾಗೆ ಇದೆ, ನಡುವೆ ಕಿರುಚಾಟ. ನನಗೆ ಅದು ಮಲಬಾರ್ ಬೂದು ಮಂಗಟ್ಟೆ (ಹಾರ್ನ್‌ಬಿಲ್) ಅನ್ನಿಸುತ್ತದೆ. ಪಶ್ಚಿಮ ಘಟ್ಟದ ಸಾಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು.

ಆದರೆ ಬರೀ ಕೂಗು ಕೇಳಿ ಹೆಸರು ಬರೆದುಕೊಳ್ಳಬೇಡ. ಅಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ದೊಡ್ಡ ಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದೇ ದೂರಕ್ಕೆ ಕೇಳುತ್ತದೆ, ಅದು ಸುಲಭ. ಗೊಂದಲ ಆಗೋದು ಎರಡು ಬೂದು ಹಕ್ಕಿಗಳಲ್ಲಿ. ಬಯಲುಸೀಮೆಯಲ್ಲೂ ಇರುವ ಬೂದು ಮಂಗಟ್ಟೆಗೆ ಕೊಕ್ಕಿನ ಮೇಲೆ ಚೂಪಾದ ಸಣ್ಣ ಕೊಂಬಿರುತ್ತದೆ. ಮಲಬಾರಿನದಕ್ಕೆ ಕೊಂಬಿಲ್ಲ, ಕಣ್ಣಿನ ಮೇಲೆ ಅಗಲವಾದ ಬಿಳಿ ಹುಬ್ಬು. ಗಂಡಿನ ಕೊಕ್ಕು ಕೆಂಪು ಛಾಯೆಯದು, ತುದಿ ಹಳದಿ. ಹೆಣ್ಣಿನದು ಹಳದಿ, ಕೆಳಕೊಕ್ಕಿನ ಬುಡದಲ್ಲಿ ಕಪ್ಪು.

ಈಗ ಗೂಡಿನ ಕಾಲ. ಅದಕ್ಕೇ ಈ ಪತ್ರ. ಮಂಗಟ್ಟೆಗೆ ಮರ ಕೊರೆಯಲು ಬರುವುದಿಲ್ಲ, ಹಳೇ ಮರದ ಪೊಟರೆಯೇ ಬೇಕು. ಹೆಣ್ಣು ಒಳಗೆ ಕೂತು ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ಹಿಡಿಸುವಷ್ಟು ಸೀಳು, ಅಷ್ಟೇ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ, ಹಾರುವ ಮಾತೇ ಇಲ್ಲ. ಗಂಡು ಬಂದು ಕಾಂಡಕ್ಕೆ ಆತು ಕೂತು, ಗಂಟಲಿನಿಂದ ಒಂದೊಂದೇ ಹಣ್ಣು ಮೇಲಕ್ಕೆ ತಂದು, ಕೊಕ್ಕಿನ ತುದಿಯಲ್ಲಿ ಹಿಡಿದು ಸೀಳಿನೊಳಗೆ ದಾಟಿಸುತ್ತದೆ. ಒಂದು ಆಯಿತೆಂದರೆ ಇನ್ನೊಂದು. ಹೆಚ್ಚಾಗಿ ಆಲ, ಅತ್ತಿ ಜಾತಿಯ ಹಣ್ಣು. ಮಧ್ಯೆ ಹುಳ, ಹಲ್ಲಿ. ತಿಂಗಳುಗಟ್ಟಲೆ ಇದೇ ಕೆಲಸ. ಆ ಗಂಡು ಸತ್ತರೆ ಅಥವಾ ಹೆದರಿ ದೂರ ಉಳಿದರೆ ಒಳಗಿನವರ ಗತಿ ಏನು, ಯೋಚಿಸು. ನನಗಂತೂ ಸಂಕಟವಾಗುತ್ತದೆ.

ಹಾಗಾಗಿ ಒಂದೇ ಮರಕ್ಕೆ ಗಂಡು ಪದೇ ಪದೇ ಬರುವುದು ಕಂಡರೆ ಅಲ್ಲಿಂದ ಹಿಂದೆ ಸರಿ. ಮರೆಯಲ್ಲಿ ಸುಮ್ನೆ ಕೂತು ದೂರದಿಂದ ನೋಡು. ಕೂಗಿನ ರೆಕಾರ್ಡು ಅಲ್ಲಿ ಹಾಕಲೇಬೇಡ. ಫೋಟೋ ಹಾಕುವ ಆಸೆಯಾದರೂ ಮರದ ಜಾಗ ಯಾರಿಗೂ ಹೇಳಬೇಡ, ಜನ ಜಾಸ್ತಿ ಸೇರುತ್ತಾರೆ.

ಮನೆಯ ಬೈನಾಕ್ಯುಲರ್ ಈ ವಾರ ಪಾರ್ಸಲ್ ಮಾಡುತ್ತೇನೆ. ಕೊಂಬು ಇತ್ತೋ ಇಲ್ಲವೋ ನೋಡಿ ಬರಿ. ಅವ್ವ ಶೇಂಗಾ ಚಟ್ನಿಪುಡಿನೂ ಇಡುತ್ತಿದ್ದಾಳೆ.

ನಿನ್ನ ಅಪ್ಪ